ಎರಡು ಚಪ್ಪಾಳೆಗಳ ನಡುವಿನ ಮಾತು

ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಹೇಳುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ಮೈಕಕ್ಕ. ತಪ್ಪಿಸಿಕೊಂಡ ಮಗುವಿನ ಅಂಗಿಯ ಬಣ್ಣದಿಂದ ಹಿಡಿದು ಯಾರೋ ಮರೆತುಹೋದ ಛತ್ರಿಯವರೆಗೆ ಎಲ್ಲವನ್ನೂ ಸಾರುವ ಬಾಯಿ ಅದು. ತನ್ನ ಮನೆಯ ವಿಷಯಕ್ಕೆ ಮಾತ್ರ ಬೀಗ ಹಾಕಿಕೊಂಡಿತ್ತು. "ಮೈಕಕ್ಕನ ಹೊಟ್ಟೆಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲು," ಎಂದು ಟಿಕೆಟ್ ಕೌಂಟರಿನವನು ತಮಾಷೆ ಮಾಡುತ್ತಿದ್ದ.

ಆ ಬೀಗ ತೆರೆಯುತ್ತಿದ್ದುದು ಒಂದೇ ಕಡೆ. ರಜೆ ಬಂದಾಗಲೆಲ್ಲ ಅವಳು ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡಿ ಗ್ರಂಥಾಲಯಕ್ಕೆ ಕಳಿಸುತ್ತಿದ್ದಳು. ದೇವರು ಕೊಟ್ಟ ಗಂಟಲು, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂಬ ಆಸೆ. ಬಟ್ಟೆ ಬೀರು ಇಟ್ಟ ಒಳಕೋಣೆಯ ಗೋಡೆಗೆ ಕಂಬಳಿ ಕಟ್ಟಿ, ಕಿಟಕಿಗೆ ಹಳೇ ಹಾಸಿಗೆ ಒರಗಿಸಿ, ಒಬ್ಬಳೇ ಕೂತು ಓದುವಳು. ಓದುವಾಗ ತಪ್ಪಿದರೆ ಒಂದು ಚಪ್ಪಾಳೆ. ಸುಧಾರಿಸಿಕೊಂಡು ಆ ವಾಕ್ಯವನ್ನು ಮತ್ತೆ ಶುರುಮಾಡುವ ಮುಂಚೆ ಇನ್ನೊಂದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಚಪ್ಪಾಳೆ ಗೂಟ ನೆಟ್ಟ ಹಾಗೆ ಕಾಣುತ್ತದೆ. ಎರಡು ಗೂಟಗಳ ನಡುವೆ ಇರುವುದನ್ನು ನಾದಿನಿ ಕತ್ತರಿಸಿ ತೆಗೆಯುತ್ತಾಳೆ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಆ ಹುಡುಗಿ ಈ ವಿದ್ಯೆಯನ್ನು ಮೊಬೈಲ್ ನೋಡಿಯೇ ಕಲಿತವಳು. ಮೈಕಕ್ಕ ಅವಳನ್ನು ಮುದ್ದಿನಿಂದ 'ಕತ್ತರಿ' ಎಂದು ಕರೆಯುತ್ತಿದ್ದಳು.

ಮೊದಮೊದಲು ಚಪ್ಪಾಳೆಗಳ ನಡುವೆ "ಥೂ, ಈ ನಾಲಿಗೆಗೆ ಏನು ಬಂತು," ಎಂಬಷ್ಟೇ ಇರುತ್ತಿತ್ತು. ಬರುಬರುತ್ತಾ ಬೇರೆ ಮಾತುಗಳೂ ಬಂದವು. ಬೇರೆ ಊರಿನ ನಿಲ್ದಾಣಕ್ಕೆ ವರ್ಗ ಕೇಳೋಣ ಅನ್ನಿಸಿದ್ದು, ಗಂಡ ಮಾತಾಡದೆ ಊಟ ಮಾಡಿ ಎದ್ದುಹೋಗುವುದು. ಹೇಗೂ ಕತ್ತರಿಸಿ ಎಸೆಯುವ ಜಾಗ, ಅಲ್ಲಿ ಅತ್ತರೆ ಯಾರಿಗೇನು ನಷ್ಟ?

"ನಿಮ್ ಮಾತು ನನ್ ಕಿವಿ ದಾಟಲ್ಲ ಅತ್ತಿಗೆ," ಎಂದಿದ್ದಳು ಕತ್ತರಿ. "ಕೇಳಿದ ತಕ್ಷಣ ಅಳಿಸಿಬಿಡ್ತೀನಿ."

ಒಡಹುಟ್ಟಿದ ತಂಗಿಯಿಲ್ಲದ ಮೈಕಕ್ಕನಿಗೆ ಈ ಮಾತು ಹಾಲು ಕುಡಿದಷ್ಟು ಹಿತವಾಗಿತ್ತು.

ಆದರೆ ಈಚೆಗೆ ಅತ್ತೆಯ ಬಾಯಿಂದ ವಿಚಿತ್ರವಾದ ಮಾತುಗಳು ಬರತೊಡಗಿದವು. ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಮಗನ ಕಡೆ ತಿರುಗಿ, "ನಾನು ಆಸ್ಪತ್ರೆ ಸೇರಿದ್ರೆ ಕೆಲವರಿಗೆ ಸೊಗಸಾಗಿ ನಿದ್ದೆ ಬರುತ್ತಂತೆ ಕಣಪ್ಪಾ," ಎಂದರು.

ಮೈಕಕ್ಕ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ಮನೆ ತಣ್ಣಗಿತ್ತು, ಅವಳಿಗೆ ಎಷ್ಟೋ ಕಾಲದ ಮೇಲೆ ನೆಮ್ಮದಿಯ ನಿದ್ದೆ ಹತ್ತಿತ್ತು. ಎರಡು ಚಪ್ಪಾಳೆಗಳ ನಡುವೆ ಬಿಟ್ಟರೆ ಅವಳು ಎಲ್ಲೂ ಆಡದ ಮಾತು ಅದು. ಹೊರಗೆ ಹೇಗೆ ಬಂತು? ಕೇಳಿದ ತಕ್ಷಣ ಅಳಿಸುವ ಕತ್ತರಿಯ ಮೇಲೆ ಅನುಮಾನ ಸುಳಿಯಲೇ ಇಲ್ಲ. ದೇವರೇ ಅತ್ತೆಯ ಬಾಯಲ್ಲಿ ನಿಂತು ತನ್ನ ಪಾಪ ಎತ್ತಿ ತೋರಿಸುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಪ್ರಾರ್ಥನೆಗೆ ಕೂತರೆ ತಲೆಯೆತ್ತಲೂ ಅಂಜಿಕೆ.

ಹೀಗಿರುವಾಗ ಗ್ರಂಥಾಲಯದಿಂದ ಒಂದು ತುರ್ತು ಕೆಲಸ ಬಂತು. ಒಬ್ಬ ಹುಡುಗಿಗೆ ಪರೀಕ್ಷೆ ಹತ್ತಿರವಿದೆ, ಇತಿಹಾಸದ ಕೊನೆಯ ಅಧ್ಯಾಯ ಇವತ್ತು ಸಂಜೆಯೊಳಗೆ ಬೇಕು. ಮೈಕಕ್ಕ ಬೆಳಿಗ್ಗೆಯೇ ಕಂಬಳಿ ಕಟ್ಟಿ ಕೂತಳು. ರೆಕಾರ್ಡ್ ಗುಂಡಿ ಒತ್ತಿದರೆ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಕತ್ತರಿ ಅಂಗಡಿಗೆ ಹೋಗಿದ್ದಳು. ಮುಗಿಸಿ ಕಳಿಸಿದ ಹಳೆಯ ಪುಸ್ತಕಗಳ ಮೂಲ ರೆಕಾರ್ಡಿಂಗುಗಳು ಇನ್ನೂ ಅಲ್ಲೇ ಬಿದ್ದಿದ್ದವು. ಎಲ್ಲವನ್ನೂ ಡಿಲೀಟ್ ಮಾಡಿದಳು. ಮತ್ತೆ ಗುಂಡಿ ಒತ್ತಿದಳು. ಅದೇ ಉತ್ತರ.

ಗ್ರಂಥಾಲಯದ ಗುಮಾಸ್ತರಿಗೆ ಫೋನ್ ಮಾಡಿದಳು. "ಇಷ್ಟೊಂದು ಅಳಿಸಿದೀನಿ ಸಾರ್, ಒಂದಿಷ್ಟೂ ಜಾಗ ಬರಲಿಲ್ಲ."

ಗುಮಾಸ್ತರು ನಕ್ಕರು. "ಅಳಿಸಿದ್ದು ಎಲ್ಲೂ ಹೋಗಿರಲ್ಲ ಅಕ್ಕಾ. ಮನೆ ಗುಡಿಸಿ ಕಸ ಬಾಗಿಲ ಹಿಂದೆ ಇಟ್ಟ ಹಾಗೆ. ಪರದೆ ಮೇಲೆ ಕಸದ ಬುಟ್ಟಿ ಚಿತ್ರ ಇದೆ ನೋಡಿ, ಎಲ್ಲಾ ಅದರೊಳಗಿರುತ್ತೆ. ಅದನ್ನ ಖಾಲಿ ಮಾಡಿ. ಮಾಡೋ ಮುಂಚೆ ಒಂದ್ಸಲ ಕಣ್ಣಾಡಿಸಿ, ಬೇಕಾಗಿದ್ದು ಹೋದ್ರೆ ಮತ್ತೆ ಸಿಗಲ್ಲ."

ಬುಟ್ಟಿ ತೆರೆದಳು. ಲ್ಯಾಪ್‌ಟಾಪ್ ಕೊಂಡಾಗಿನಿಂದ ಯಾರೂ ಅದನ್ನು ಖಾಲಿ ಮಾಡಿದಂತಿರಲಿಲ್ಲ. ಅವಳು ಆಗತಾನೇ ಅಳಿಸಿದ್ದರ ಕೆಳಗೆ ಸಣ್ಣ ಸಣ್ಣ ಫೈಲುಗಳ ಸಾಲು. 'ಅಮ್ಮಂಗೆ - ವರ್ಗ'. 'ಅಮ್ಮಂಗೆ - ಅಣ್ಣನ ಊಟ'. 'ಅಮ್ಮಂಗೆ - ನಿದ್ದೆ'.

ಕೊನೆಯದನ್ನು ಬುಟ್ಟಿಯಿಂದ ಹೊರತೆಗೆದು ಒತ್ತಿದಳು. ಚಪ್ಪಾಳೆ. ಆಮೇಲೆ ಅವಳದೇ ದನಿ: "ಅತ್ತೆ ಆಸ್ಪತ್ರೆ ಸೇರಿದ್ಮೇಲೆ ಎಷ್ಟು ನೆಮ್ಮದಿಯಾಗಿ ನಿದ್ದೆ ಬರ್ತಿದೆ ಗೊತ್ತಾ..." ಅಷ್ಟಕ್ಕೇ ನಿಂತಿತು. ಅದರ ಮುಂದೆ ಅವಳು ಅತ್ತಿದ್ದಳು. ದೇವರೇ, ಇಂಥ ಬುದ್ಧಿ ಯಾಕೆ ಕೊಟ್ಟೆ, ಅವರನ್ನ ಬೇಗ ಎಬ್ಬಿಸಿ ಮನೆಗೆ ಕಳಿಸು ಎಂದು ಬೇಡಿಕೊಂಡಿದ್ದಳು. ಅದು ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಕತ್ತರಿ ಚಪ್ಪಲಿ ಬಿಟ್ಟು ಒಳಕೋಣೆಗೆ ಬರುತ್ತಲೇ ಪರದೆ ನೋಡಿದಳು. ಮುಖದ ಬಣ್ಣ ಇಳಿಯಿತು.

"ಅಳಿಸಿದ್ನಲ್ಲ ಅತ್ತಿಗೆ!"

"ಹೌದಮ್ಮ, ಅಳಿಸಿದೀಯ. ಕೇಳಿಸಿ ಆದ್ಮೇಲೆ."

"ಕೆಟ್ಟ ಮನಸ್ಸಿಂದ ಅಲ್ಲ ಅತ್ತಿಗೆ. ಅಮ್ಮ ಇಡೀ ದಿನ ಒಬ್ಬಳೇ ಇರ್ತಾಳೆ. ನೀವು ತೊದಲಿದ್ದು ಒಂದೆರಡು ಕೇಳಿಸಿದೆ, ನಕ್ಕಳು. ಆಮೇಲೆ ಅವಳೇ ಗಂಟು ಬಿದ್ದಳು, ಇವತ್ತೇನಂದ್ಲೇ ನಿನ್ನತ್ತಿಗೆ ಅಂತ. ಕೇಳಿಸ್ದೆ ಇದ್ರೆ ಮುಖ ಊದಿಸ್ಕೊಳ್ಳೋಳು."

"ಮುಂದೆ ನಾನು ಅತ್ತಿದ್ದು?"

ಕತ್ತರಿ ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡಳು. "ಉದ್ದ ಆಯ್ತು ಅಂತ... ಕತ್ತರಿಸಿದೆ."

ಅಷ್ಟು ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. "ನನ್ನ ವಿಷಯ ಆಡಿದ್ದನ್ನ ನಾನು ಕೇಳಿದ್ರೆ ತಪ್ಪಾ? ಆಡೋಳಿಗಿಲ್ಲದ ನಾಚಿಕೆ ಕೇಳೋಳಿಗ್ಯಾಕೆ?"

"ಅಮ್ಮಾ, ಸುಮ್ನಿರು." ಕತ್ತರಿ ತಡಬಡಿಸಿ ಲ್ಯಾಪ್‌ಟಾಪಿನ ಕಡೆ ಬಾಗಿದಳು. "ಪೂರ್ತಿ ರೆಕಾರ್ಡಿಂಗ್ ಬುಟ್ಟೀಲೇ ಇದೆ ಅತ್ತಿಗೆ, ನೀವು ಬೆಳಿಗ್ಗೆ ಅಳಿಸಿದ್ರಲ್ಲ, ಅದ್ರಲ್ಲಿ. ಈಗ್ಲೇ ಹೊರಗೆ ತೆಗೀತೀನಿ. ಮುಂದಿಂದೂ ಕೇಳ್ಲಿ ಅಮ್ಮ. ಎಲ್ಲಾ ಸರಿಹೋಗುತ್ತೆ."

ಮೈಕಕ್ಕ ಅವಳ ಕೈ ಸರಿಸಿದಳು. ಕೇಳಿಸಿದರೆ ಅತ್ತೆಯ ಮನಸ್ಸು ಕರಗಲೂಬಹುದಿತ್ತು, ಅದು ಅವಳಿಗೆ ಗೊತ್ತಿತ್ತು.

"ಅದು ಅತ್ತೆಗೆ ಹೇಳಿದ್ದಲ್ಲ," ಎಂದಳು. "ನಿನಗೆ ಹೇಳಿದ್ದೂ ಅಲ್ಲ. ನಿನ್ನೆದುರಿಗೆ ದೇವರಿಗೆ ಹೇಳಿದ್ದು. ಇಷ್ಟು ದಿನ ಪಾಪ, ಚಾಡಿ ಹೇಳಿದ್ದು ಅವನೇ ಅಂತ ಅವನ ಮೇಲೆ ಹೊರಿಸಿದ್ದೆ."

ಹೊರತೆಗೆದಿದ್ದ ತುಣುಕನ್ನೂ ಬುಟ್ಟಿಗೆ ಹಾಕಿ ಖಾಲಿ ಮಾಡಿದಳು. ಹಾಳೆ ಮುದುರಿದಂಥ ಒಂದು ಸದ್ದು. ಬೇಕಾದ್ದಕ್ಕಿಂತ ಹೆಚ್ಚೇ ಜಾಗ ಬಂತು.

ಅತ್ತೆ, "ಊಟ ಆರ್ತಿದೆ," ಎಂದು ಅಡುಗೆಮನೆಗೆ ಹೋದರು. ಮೈಕಕ್ಕ ಬಾಗಿಲು ಹಾಕಿಕೊಂಡು ಓದಲು ಕೂತಳು. ದನಿ ಎಂದಿನ ಹಾಗೆಯೇ ಇತ್ತು. ಬಸ್ಸು ತಡವಾದ ದಿನ ಸಾವಿರ ಜನರನ್ನು ಸಮಾಧಾನ ಮಾಡುವ ದನಿ. ಆ ಸಂಜೆ ಕತ್ತರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕತ್ತರಿಸಿದಳು, ಅಧ್ಯಾಯ ಹೊತ್ತಿಗೆ ಸರಿಯಾಗಿ ಹುಡುಗಿಗೆ ತಲುಪಿತು.

ಓದುವುದನ್ನು ಮೈಕಕ್ಕ ಬಿಡಲಿಲ್ಲ. ಕತ್ತರಿ ಈಗಲೂ ಕತ್ತರಿಸುತ್ತಾಳೆ, ಕೆಲಸ ಬೇಗ ಮುಗಿಯುತ್ತದೆ. ಮೊನ್ನೆ ಅವಳು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು, "ಅತ್ತಿಗೆ, ಮಧ್ಯದಲ್ಲಿ ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಬರೀ ಚಪ್ಪಾಳೆ ಕೇಳಿ ಕೇಳಿ ಒಂಥರಾ ಆಗುತ್ತೆ," ಎಂದಳು.

"ತಪ್ಪಿದ ವಾಕ್ಯ ಸಿಗ್ತಿದೆ ತಾನೆ?" ಎಂದು ಕೇಳಿ, ಮೈಕಕ್ಕ ಕೆಲಸದ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಹೊರಟಳು.