ಅವಳು ನಕ್ಕ ನಾಲ್ಕು ಸಾಲು

ಬರೆಯುವವರಿಗೆ ಎದೆಗಾರಿಕೆ ಬೇಕು ಎಂದು ಹಾವೇರಿಯ ಸಭೆಗಳಲ್ಲಿ ಮೈಕು ಹಿಡಿದು ನಾನೇ ಎಷ್ಟು ಸಲ ಒದರಿದ್ದೇನೋ! ಆ ಎದೆಗಾರಿಕೆಯೆಲ್ಲ ಅರ್ಧ ಕಿಲೋ ಪೇಢೆಯ ಮುಂದೆ ಕರಗಿಹೋಯಿತು.

ಬ್ಯಾಡಗಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ಒಬ್ಬ ದೊಡ್ಡವ್ವ ಇದ್ದಾಳೆ. ನನಗೆ ರಕ್ತಸಂಬಂಧವಲ್ಲ, ಓಣಿಗೆಲ್ಲ ಅವಳು ದೊಡ್ಡವ್ವ. ಓದು ಬರಹ ಬಾರದು. ಅವಳ ಗಂಡ ಉಣ್ಣುವಾಗ ತಾಟು ಎಸೆಯುತ್ತಿದ್ದ. ಉಪ್ಪು ಹೆಚ್ಚಾದರೂ ಎಸೆತ, ಕಡಿಮೆಯಾದರೂ ಎಸೆತ. ಆ ಸಪ್ಪಳ ಕೇಳಿಯೇ ನಮ್ಮ ಮನೆಯಲ್ಲಿ ಊಟದ ಹೊತ್ತಾಯಿತು ಎನ್ನುತ್ತಿದ್ದೆವು, ನಾಚಿಕೆಯಿಲ್ಲದೆ. ಅವನು ತೀರಿಕೊಂಡ ಮೇಲೆ, ಎಷ್ಟೋ ದಿನ ಬಿಟ್ಟು ನಾನೊಂದು ಕಥೆ ಬರೆದೆ. ಅದರಲ್ಲೂ ಒಬ್ಬ ತಾಟು ಎಸೆಯುತ್ತಾನೆ, ಸಾಯುತ್ತಾನೆ. ಮಣ್ಣು ಮಾಡಿ ಬಂದವರೆಲ್ಲ ಹೋದ ಮೇಲೆ ಅವನ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದು ಕಟುಂ ಎಂದು ಕಡಿದು, ನಗುತ್ತಾಳೆ. ತಾಟು ನಿಜ, ನಗು ನನ್ನ ಕಲ್ಪನೆ.

ಕಥೆ ಪತ್ರಿಕೆಯಲ್ಲಿ ಬಂತು, ಓಣಿ ಓದಿತು, ಗುಸುಗುಸು ಎಂದಿತು. ರಾಣೆಬೆನ್ನೂರಿನ ಮುದ್ರಣಾಲಯದಲ್ಲಿ ನನ್ನ ಪುಸ್ತಕ ತಯಾರಾಗುತ್ತಿದ್ದಾಗ ದೊಡ್ಡವ್ವನ ಮೈದುನ ಪೇಢೆ ಹಿಡಿದುಕೊಂಡು ಬಂದ. ಮೆಣಸಿನಕಾಯಿ ವ್ಯಾಪಾರಿ, ಸಂಭಾವಿತ ಮನುಷ್ಯ. ಜಗಳಕ್ಕೆ ಬಂದಿದ್ದರೆ ನಾನೂ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದೆ.

“ಅಕ್ಕೋರ, ಕಥಿ ಭಾಳ ಛಲೋ ಐತ್ರಿ. ಆ ನಾಕು ಸಾಲು ಅಷ್ಟ ತಗದುಬಿಡ್ರಿ. ಗಂಡ ಸತ್ತ ದಿನ ನಕ್ಕಳು ಅಂದ್ರ ನಮ್ಮ ವೈನಿ ಮಂದಿಯೊಳಗ ಹೆಂಗ ಮಾರಿ ತೋರಿಸಬೇಕ್ರಿ?”

ಕಥೆ ಬೇರೆ, ಮನೆ ಬೇರೆ ಎಂದು ಭಾಷಣ ಮಾಡುವ ಬದಲು ಪೇಢೆಯ ಪೊಟ್ಟಣ ಕೈಗೆ ತೆಗೆದುಕೊಂಡೆ. ಆ ನಾಲ್ಕು ಸಾಲು ಹೋದರೆ ಉಳಿಯುವುದು ಒಂದು ತಾಟು, ಒಂದು ಹೆಣ. ಅದು ಗೊತ್ತಿದ್ದೂ “ಆತ್ರಿ, ತಗೀತೀನಿ” ಎಂದೆ. ಥೂ ನನ್ನ ಜನ್ಮಕ್ಕೆ!

ಮರುದಿನ ಮಧ್ಯಾಹ್ನ ದೊಡ್ಡವ್ವನೇ ಗೋಡೆಯಾಚೆಯಿಂದ ಕೂಗಿದಳು. “ನನ್ನ ಮ್ಯಾಲೆ ಏನೋ ಬರದೀಯಂತಲ್ಲ ಯವ್ವಾ. ಬಾ, ಓದಿ ಹೇಳು.”

ಹೋದೆ. ಪಡಸಾಲೆಯ ತುಂಬ ಮೆಣಸಿನಕಾಯಿ ರಾಶಿ. ಅವಳೂ ಓಣಿಯ ನಾಲ್ಕೈದು ಹೆಂಗಸರೂ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ಕೆಮ್ಮುತ್ತಲೇ ಮುದ್ರಣಾಲಯದಿಂದ ಮೊಬೈಲಿಗೆ ಬಂದಿದ್ದ ಕರಡನ್ನು ಓದತೊಡಗಿದೆ. ಯಾರೂ ನನ್ನತ್ತ ನೋಡಲಿಲ್ಲ, ಕೈಗಳು ಚಟ್ ಚಟ್ ಎನ್ನುತ್ತಲೇ ಇದ್ದವು. ತಾಟು ಗೋಡೆಗೆ ಬಡಿದಲ್ಲಿ ಮಾತ್ರ ಎಲ್ಲ ಕೈಗಳೂ ಒಮ್ಮೆ ನಿಂತವು. ಆ ನಾಲ್ಕು ಸಾಲು ಬಂದಾಗ ನಾನು ಉಸಿರು ಬಿಡದೆ ಮುಂದಕ್ಕೆ ಹಾರಿ ಕಥೆ ಮುಗಿಸಿದೆ.

“ನಡುವ ಏನೋ ಬಿಟ್ಟಿ,” ಎಂದಳು ದೊಡ್ಡವ್ವ.

“ಏನೂ ಇಲ್ಲ ದೊಡ್ಡವ್ವ.”

“ಬಾಗಲಾ ಹಾಕ್ಕೊಂಡ್ಲು ಅಂದಿ. ಆಮ್ಯಾಲೆ ಬಾಗಲಾ ತಗದ್ಲು ಅಂದಿ. ಒಳಗ ಏನ್ ಮಾಡಿದ್ಲು?”

ಅಬ್ಬಾ! ಇಷ್ಟು ವರ್ಷ ವಿಮರ್ಶಕರ ಮುಂದೆ ಕುಳಿತಿದ್ದೇನೆ; ಕಥೆಯ ಜೀವ ಎಲ್ಲಿದೆ ಎಂದು ಹೀಗೆ ನೇರವಾಗಿ ಬೆರಳಿಟ್ಟು ಕೇಳಿದವರನ್ನು ನಾನು ಕಂಡಿರಲಿಲ್ಲ. ತೊಟ್ಟು ಅರ್ಧ ಉಳಿದ ಕಾಯಿ, ಕಣ್ಣಿಟ್ಟು ನೋಡದಿದ್ದರೂ, ಅವಳ ಬೆರಳಿಗೆ ಸಿಗುವಂತೆ ನನ್ನ ಕಳ್ಳತನ ಅವಳ ಕಿವಿಗೆ ಸಿಕ್ಕಿತ್ತು. ಬೇರೆ ದಾರಿಯಿರಲಿಲ್ಲ, ಓದಿದೆ. ರೊಟ್ಟಿ ಕಡಿದದ್ದನ್ನೂ, ನಕ್ಕದ್ದನ್ನೂ.

ನಾನು ತಲೆ ಎತ್ತಲಿಲ್ಲ, ಬೈಗುಳಕ್ಕೆ ಕಾಯುತ್ತ ಕುಳಿತೆ.

“ಅಕಿ ನಾನಲ್ಲ,” ಎಂದಳು ದೊಡ್ಡವ್ವ. “ತಾಟು ನಮ್ಮದು, ಖರೇ. ಆದ್ರ ನಾನು ಅವತ್ತ ನಗಲಿಲ್ಲ. ಎದಿ ಮ್ಯಾಲಿನ ಕಲ್ಲು ಇಳಿದಂಗ ಆತು. ಅಯ್ಯ, ಇದೆಂಥಾ ಪಾಪದ ಮನಸು ಅಂತ ಅಂಜಿ ಎಲ್ಲಾರಕಿಂತ ಜೋರು ಅತ್ತೆ. ನಕ್ಕರೂ ನಡೀತೈತಿ ಅಂತ ನನಗೇನ್ ಗೊತ್ತಿತ್ತು?”

ಕಣ್ಣಿಗೆ ಬೆರಳು ಹಚ್ಚುವಂತಿರಲಿಲ್ಲ, ಖಾರ. ರಟ್ಟೆಯಿಂದ ಒರೆಸಿಕೊಂಡಳು. ನನಗೂ ತಡೆಯಲಾಗಲಿಲ್ಲ. ನಿನ್ನ ಮೈದುನನಿಗೆ ಆ ಸಾಲು ತೆಗೆಯುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೇನೆ ಎಂದೆ.

“ಅವಗ ನಾ ಹೇಳ್ತೀನಿ. ನೀ ಒಂದಕ್ಷರ ತಗೀಬ್ಯಾಡ. ನಾನಂತೂ ನಗಲಿಲ್ಲ. ಅಕಿಯಾದ್ರೂ ನಗಲಿ.”