ಪೈಲ್ವಾನರ ಬಾಯಿಗೆ ನಾನಿಟ್ಟ ಮಾತು

ಹಗರಿಬೊಮ್ಮನಹಳ್ಳಿ ಸುತ್ತಿನ ಹೋಟೆಲುಗಳಲ್ಲಿ ಇಂದಿಗೂ ಓಡಾಡುವ ಎರಡು ಮಾತುಗಳಿವೆ. ಎರಡೂ ಸುಳ್ಳು. ಎರಡನ್ನೂ ಹುಟ್ಟಿಸಿದವನು ನಾನು — ಶೇಖರಪ್ಪ, ಬಟ್ಟೆ ವ್ಯಾಪಾರಿ. ಹುಟ್ಟಿಸಿ, ಅರ್ಧ ಆಯುಷ್ಯ ಅದೇ ಹೋಟೆಲುಗಳಲ್ಲಿ ಗೌರವಸ್ಥನಂತೆ ಕುಳಿತು ಚಹಾ ಕುಡಿದಿದ್ದೇನೆ.

ಒಂದು, ಕೋಗಳಿಯ ಹನುಮಂತಪ್ಪ ಪೈಲ್ವಾನರು ತಮ್ಮ ಶಿಷ್ಯ, ಹಿರೇಹಡಗಲಿಯ ಬೀರಪ್ಪನ ಬಗ್ಗೆ ಆಡಿದರೆಂಬ ಮಾತು: "ಅವನ್ನ ಕಂಕುಳಾಗ ಇಟ್ಕಂಡು ಸಂತಿ ಮಾಡ್ಕಂಡು ಬರ್ತೀನಿ." ಇನ್ನೊಂದು, ಬೀರಪ್ಪ ಗುರುವಿನ ಬಗ್ಗೆ ಆಡಿದನೆಂಬುದು: "ಅವರ ಕಾಲದಾಗ ಎದುರಾಳಿಗಳು ಕುಸ್ತಿ ಪಟ್ಟಿಗೆ ಬಿದ್ದಿಲ್ಲ, ಹಸಿವಿಗೆ ಬಿದ್ದಾರ."

ಇಬ್ಬರೂ ಅನ್ನಲಿಲ್ಲ. ಅನ್ನುವ ಜನವೂ ಅಲ್ಲ.

ಆಗ ಹೋಟೆಲಿಗೆ ಬರುತ್ತಿದ್ದ ಪತ್ರಿಕೆಯೊಂದರಲ್ಲಿ ಜಗತ್ತಿನ ಬಾಕ್ಸಿಂಗ್ ಚಾಂಪಿಯನ್ನರನ್ನೆಲ್ಲ — ಸತ್ತವರು, ಬದುಕಿದವರು, ಗುಡ್ಡದಂಥವರು, ಸಣಕಲರು — ಒಂದೇ ಸಾಲಿಗೆ ನಿಲ್ಲಿಸಿ ಯಾರು ದೊಡ್ಡವರೆಂದು ತೀರ್ಮಾನಿಸಿದ್ದರು. ನಮ್ಮಲ್ಲಿ ಬಾಕ್ಸಿಂಗನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದ್ದರಿಂದ ಎಲ್ಲರಿಗೂ ಖಚಿತ ಅಭಿಪ್ರಾಯವಿತ್ತು.

"ಹಗುರ ಇದ್ದವ ಭಾರ ಇದ್ದವನ್ನ ಹೊಡಿತಾನೇನ್ರಿ?"

"ಅದಿರ್ಲಿ, ಸತ್ತವ ಬದುಕಿದವನ್ನ ಹೆಂಗ ಹೊಡಿತಾನ? ಅದನ್ನ ಹೇಳು ಮೊದ್ಲು."

"ಆ ಊರಿಂದು ಬಿಡ್ರಲೇ. ನಮ್ಮ ಹನುಮಂತಪ್ಪ ದೊಡ್ಡಾವನೋ, ಬೀರಪ್ಪ ದೊಡ್ಡಾವನೋ?"

ಹನುಮಂತಣ್ಣ ಆನೆಯಂಥ ಆಳು. ತಮ್ಮ ಕಾಲದಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದೆ ಅಖಾಡ ಬಿಟ್ಟವರು. ಬೀರಪ್ಪ ಕುರಿ ಕಾಯುವ ಮನೆತನದವನು, ಬಾರುಕೋಲಿನಂತೆ ತೆಳ್ಳಗೆ; ಆಗಿನ ಕಾಲವೆಲ್ಲ ಅವನದೇ. ಆಗ ನಮ್ಮಲ್ಲಿ ತೂಕ ಮಾಡಿ ಕುಸ್ತಿ ಆಡಿಸುತ್ತಿರಲಿಲ್ಲ. ಪಂಚರು ಮೈಕಟ್ಟು ನೋಡಿ ಜೋಡಿ ಕಟ್ಟುತ್ತಿದ್ದರು. ಆ ಪಂಚರಲ್ಲಿ ನಾನೂ ಒಬ್ಬ — ಬಟ್ಟೆಯವನಾದ್ದರಿಂದ ಎದೆಯ ಅಳತೆ ನನ್ನ ಕಣ್ಣಿಗೇ ಸಿಗುತ್ತದೆಂಬ ಕೀರ್ತಿಯಿತ್ತು. ಗುರುಶಿಷ್ಯರ ಜೋಡಿಯನ್ನು ಯಾವ ಪಂಚನೂ ಕಟ್ಟುವಂತಿಲ್ಲ. ಅವರೇ ಕೇಳಿದರೆ ಮಾತ್ರ — ಕೇಳುವಂತೆ ಮಾಡಿದರೆ —

ಎರಡೂ ಮನೆಗೆ ಹೋದೆ. ಎರಡೂ ಕಡೆ ಮಜ್ಜಿಗೆ ಕುಡಿದೆ. ದಾರಿಯಲ್ಲಿ ಒಂದೊಂದು ಮಾತನ್ನೂ ತಿದ್ದಿ ತೀಡಿ ಇಟ್ಟುಕೊಂಡಿದ್ದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆಗ ಹೆಮ್ಮೆಯೆನಿಸಿತ್ತು. ಇಬ್ಬರೂ ತಾವಾಗಿಯೇ ಬಂದು ಜೋಡಿ ಕೇಳಿದರು.

ಅಖಾಡಕ್ಕಿಳಿಯುವ ಮುನ್ನ ಗುರುವಿನ ಕೈಯಿಂದ ಒಂದು ಹಿಡಿ ಕೆಮ್ಮಣ್ಣು ಪಡೆದು ಮೈಗೆ ತೀಡಿಕೊಳ್ಳುವುದು ಬೀರಪ್ಪನ ವಾಡಿಕೆ. ಆ ದಿನ ಹನುಮಂತಣ್ಣ ಸಿಟ್ಟಿನಲ್ಲಿದ್ದರೂ ವಾಡಿಕೆಯಂತೆ ಮಣ್ಣು ಹಿಡಿದು ಕೈ ಚಾಚಿದರು. ಬೀರಪ್ಪ ಆ ಕೈಯನ್ನು ನೋಡಿದ. ಬಗ್ಗಿ, ತಾನೇ ಮಣ್ಣು ತೆಗೆದುಕೊಂಡ. ಹನುಮಂತಣ್ಣನ ಕೈ ಹಾಗೆಯೇ ಗಾಳಿಯಲ್ಲಿ — ಅದನ್ನು ನಾನು ಇಂದಿಗೂ —

ಕುಸ್ತಿ ಬಗೆಹರಿಯಲಿಲ್ಲ. ಹೊತ್ತು ಮುಳುಗಿತು, ಪಂಚರು, ಎಂದರೆ ನಾನೇ, ಸರಿಸಮವೆಂದು ಸಾರಿ ಬಿಡಿಸಿದೆವು. ಎರಡು ಮನೆ ಮುರಿದು ಕೇಳಿದ ಪ್ರಶ್ನೆಗೆ ಉತ್ತರವೂ ಸಿಗಲಿಲ್ಲ. ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲ. ನೀನು ಹಾಗೆ ಅಂದೆಯಾ ಎಂದು ಕೇಳಿದರೆ ಸಣ್ಣವರಾದೇವೆಂದು ಇಬ್ಬರೂ ಸುಮ್ಮನಿದ್ದರು. ನಾನು ಅದಕ್ಕಿಂತ ಸಣ್ಣ ಕಾರಣಕ್ಕೆ ಸುಮ್ಮನಿದ್ದೆ. ಹನುಮಂತಣ್ಣನ ಹೆಂಡತಿ ತೀರಿಕೊಂಡ ದಿನ ಬೀರಪ್ಪ ಕೋಗಳಿಯ ಓಣಿಯ ತಿರುವಿನವರೆಗೆ ಬಂದು, ನಿಂತು, ತಿರುಗಿ ಹೋದ. ನೋಡಿದವನು ನಾನೊಬ್ಬನೇ. ಆಗಲೂ ಬಾಯಿ ಬಿಡಲಿಲ್ಲ.

ಈಚೆಗೆ ಹೋಟೆಲಿನಲ್ಲಿ ಒಬ್ಬರು ಮೊಬೈಲಿನಲ್ಲಿ ಬಾಕ್ಸಿಂಗ್ ತೋರಿಸಿದರು. ಬೇರೆ ಬೇರೆ ಕಾಲದ, ಬೇರೆ ಬೇರೆ ತೂಕದ ಇಬ್ಬರು ಚಾಂಪಿಯನ್ನರು. ಬದುಕಿನಲ್ಲಿ ಎಂದೂ ಎದುರಾಗದವರನ್ನು ಕಂಪ್ಯೂಟರು ಹೊಡೆದಾಡಿಸುತ್ತಿತ್ತು. ಎಲ್ಲರೂ ಬೆರಗಾದರು. ನಾನು ಚಹಾದ ಲೋಟ ಕೆಳಗಿಟ್ಟೆ. ಅದು ನನ್ನದೇ ಕಸುಬು. ಕಂಪ್ಯೂಟರು ಮರ್ಯಾದಸ್ಥ; ಇಬ್ಬರ ಮನೆಗೂ ಹೋಗಿ ಚಾಡಿ ಹೇಳಿ ಬಂದಿರಲಿಲ್ಲ.

ಮರುದಿನ ಕೋಗಳಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ, ಕುಳಿತ ಮೇಲೆ ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮಾತಾಡಿದೆ. ಅಷ್ಟರಲ್ಲಿ ಹನುಮಂತಣ್ಣನೇ ಅಂದರು: "ಬೀರ್ಯಾ ಅಂದಿದ್ದು ಖರೇ ಐತಿ, ಶೇಖ್ರಪ್ಪ. ನನಗ ಗೌಡರ ಮನಿ ಹಾಲು, ಬದಾಮಿ ಇತ್ತು. ಬಂದಾವ್ರು ಅಂಬಲಿ ಕುಡಿದು ಬರತಿದ್ರು. ನಾ ಗೆದ್ದಿದ್ದು ಎಂಥದ್ದು ಬಿಡು."

ಗೆಳೆತನವೊಂದನ್ನೇ ಕೆಡಿಸಿದ್ದೇನೆಂದು ಇಷ್ಟು ದಿನ ತಿಳಿದಿದ್ದೆ.

"ಅಣ್ಣಾ, ಆ ಮಾತು ಬೀರಪ್ಪಂದಲ್ಲ," ಅಂದೆ. "ನಂದು."

ಅವರು ನನ್ನ ಕಡೆ ತಿರುಗಿದರು. "ಕೆಡವಿದ ಒಬ್ಬೊಬ್ಬನ್ನೂ ನೆನಸಿ, ಇವ ಉಂಡು ಬಂದಿದ್ನೋ ಇಲ್ಲೋ ಅಂತ ಕುಂತೀನಲ್ಲೋ, ಇಷ್ಟು ವರ್ಷ."

ಮತ್ತೆ ಅವರೇ ಕೇಳಿದರು:

"ಆ ಕಂಕುಳಿಂದು?"

"ಅದೂ ನಂದ ರೀ."

ಅವರು ಎದ್ದರು. ಹಳೆಯ ಗರಡಿಯೊಳಗೆ ಹೋಗಿ, ಟವೆಲ್ಲಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡು ಬಂದರು. "ನಡಿ, ಹಿರೇಹಡಗಲಿಗೆ. ಅಲ್ಲೂ ನಿನ್ನ ಬಾಯಿಲೇ ಹೇಳು."

ಬೀರಪ್ಪನ ಅಂಗಳದಲ್ಲಿ ನಿಂತು, ಕುರಿಗಳ ಸಮಕ್ಷಮ, ಎಲ್ಲವನ್ನೂ ಹೇಳಿದೆ. ಬೀರಪ್ಪ ನನ್ನ ಕಡೆ ತಿರುಗಲಿಲ್ಲ. ಗುರುವನ್ನೇ ನೋಡುತ್ತ ಕೇಳಿಸಿಕೊಂಡ. ಈಗ ಅವನಿಗೆ ಹೊಟ್ಟೆ ಬಂದಿದೆ. ಹನುಮಂತಣ್ಣ ಒಣಗಿ ಹಗುರಾಗಿದ್ದಾರೆ. ಅಳತೆಯವನ ಕಣ್ಣು, ಬೇಡವೆಂದರೂ ನೋಡಿತು — ತೂಕ ಅದಲುಬದಲಾಗಿದೆ.

"ಗುರುಗಳ," ಅಂದ ಬೀರಪ್ಪ ಕೊನೆಗೆ, "ಈಗ ಕಂಕುಳಾಗ ಇಟ್ಕಳ್ಳಾ ಸರದಿ ನಂದೈತಿ."

"ಸಂತಿ ಎಂದೈತೋ?"

ಬೀರಪ್ಪ ನಗಲು ಹೋಗಿ, ಆಗದೆ, ಅಂಗೈ ಚಾಚಿದ. ಹನುಮಂತಣ್ಣ ಟವೆಲ್ಲಿನ ಗಂಟು ಬಿಚ್ಚಿ ಆ ಕೈಯಲ್ಲಿ ಮಣ್ಣು ಹಾಕಿದರು. ಅವನು ಅದನ್ನು ಅಂಗಿಯ ಮೇಲೆಯೇ ಎದೆಗೆ ತೀಡಿಕೊಂಡ. ನನಗೆ ಅವನ ಹೆಂಡತಿ ಚಹಾ ಕೊಟ್ಟಳು. ಬೀರಪ್ಪ ಇನ್ನೂ ನನ್ನೊಡನೆ ಮಾತಾಡಿಲ್ಲ. ಅದು ಅವನ ಹಕ್ಕು.

ಈಗ ಹೋಟೆಲಿನಲ್ಲಿ ಯಾರಾದರೂ ಆ ಮಾತು ತೆಗೆದರೆ ಎದ್ದು ನಿಂತು, ಅದು ಅವರದಲ್ಲ, ನಾನು ಕಟ್ಟಿದ್ದು ಎನ್ನುತ್ತೇನೆ. ಜನ ನಂಬುವುದಿಲ್ಲ. "ಇಂಥ ಮಾತು ನಿಮ್ಮಿಂದ ಎಲ್ಲಿ ಆಗತೈತಿ, ಕುಂದರ್ರಿ ಸಾವಕಾರ್ರೆ," ಎನ್ನುತ್ತಾರೆ. ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಹನುಮಂತಪ್ಪ ಪೈಲ್ವಾನರು ಕೆಡವಿದವರೆಲ್ಲ ಅವರ ಪಟ್ಟಿಗೇ ಬಿದ್ದವರು. ನಾನು ನೋಡಿದ್ದೇನೆ, ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ನಂಬುವವರೆಗೆ ಹೇಳುತ್ತಿರುತ್ತೇನೆ.