ಕರಕರ ಸದ್ದಿನ ವೈರಿ

ಹಾಸುಗಲ್ಲಿನ ಧೂಳು, ಪಕ್ಕದ ವಾಡಿಯ ಸಿಮೆಂಟು ಕಾರ್ಖಾನೆಯ ಧೂಳು, ಎರಡೂ ಕೊನೆಗೆ ಹೋಗಿ ಸೇರುವುದು ಜನರ ಮನೆಯ ರೆಕಾರ್ಡಿಂಗ್ ಮಿಕ್ಸರುಗಳ ನಾಬಿನೊಳಗೇ ಎಂಬುದು ಶಹಾಬಾದದ ನಾಗೇಂದ್ರಪ್ಪನವರ ಗಟ್ಟಿ ನಂಬಿಕೆ. ವಚನವೋ ದಾಸರ ಪದವೋ ಮನೆಯಲ್ಲೇ ಹಾಡಿ ಮೊಬೈಲಿಗೆ ಏರಿಸುವವರೆಲ್ಲ, ದನಿ ಏರಿಸಿ ಇಳಿಸುವ ನಾಬ್ ತಿರುವಿದರೆ ಕರಕರ ಎನ್ನುವ ಮಿಕ್ಸರನ್ನು ಎತ್ತಿಕೊಂಡು ರಿಪೇರಿಗೆ ಇವರಲ್ಲಿಗೇ ಬರುತ್ತಾರೆ. ಬಂದವರಿಗೆ "ಕುಂದ್ರಿ" ಎನ್ನುವ ಮೊದಲೇ ಇವರು ಹೆಡ್‌ಫೋನ್ ಹಾಕಿಕೊಂಡು, ಹುಳುಕು ಹಲ್ಲು ಕಂಡ ವೈದ್ಯರಂತೆ ಮುಖ ಸಿಂಡರಿಸುತ್ತಾರೆ. ನಾಬ್ ಕಿತ್ತು, ಸಂದಿಗೆ ಧೂಳು ತೆಗೆಯುವ ಸ್ಪ್ರೇ ಹೊಡೆದು, ಆ ತುದಿಯಿಂದ ಈ ತುದಿಗೆ ತಿರುವುತ್ತಲೇ ಇರುತ್ತಾರೆ. ಚಹಾ ಆರಿ ಕೆನೆಗಟ್ಟಿದರೂ ಬಿಡುವುದಿಲ್ಲ. ಮದುವೆಯಲ್ಲಿ ಮೈಕು ಕರ್ ಎಂದರೆ ಊಟದ ಎಲೆ ಬಿಟ್ಟು ಎದ್ದು ಹೋಗುವ ಮನುಷ್ಯ ಅವರು. ಮೊನ್ನೆ ಚಿತ್ತಾಪುರದ ಸೀತಾಬಾಯಿ, ತೀರಿಕೊಂಡ ಗಂಡನ ಮಿಕ್ಸರ್ ತಂದರು. ಅದು ಸರಿಯಾದ ಮೇಲೆ, ತಾವು ಹಾಡಿ ಗಂಡ ರೆಕಾರ್ಡ್ ಮಾಡಿದ್ದ ಒಂದು ಪದವನ್ನು, ಮೊಬೈಲನ್ನು ಅದಕ್ಕೇ ಜೋಡಿಸಿ ಕೇಳಿಸಿದರು. ಪದದ ನಡುವೆ ಒಂದು ಕಡೆ, ಆಗಲೇ ರೆಕಾರ್ಡ್ ಆಗಿಹೋಗಿದ್ದ ಕರಕರ ಬಂತು. "ಇದನ್ನೂ ಕಂಪ್ಯೂಟರ್‌ನ್ಯಾಗ ತೆಗದು ಕೊಡ್ತೀನ್ರಿ ಅಕ್ಕಾರ," ಎಂದರು ನಾಗೇಂದ್ರಪ್ಪ. "ಬ್ಯಾಡ್ರಿ," ಎಂದರು ಸೀತಾಬಾಯಿ. "ಅಲ್ಲಿ ನನ್ನ ದನಿ ಸಣ್ಣದಾಗೇದ, ಅದಕ್ಕ ನಮ್ಮ ಮನಿಯವರು ನಾಬ್ ಏರಸ್ಲಿಕತ್ತಾರ. ಬರೇ ನನ್ನ ಹಾಡ ತುಂಬಿಟ್ರು, ಅವರ ದನಿ ಎಲ್ಲೂ ಇಲ್ರಿ. ಅವರದು ಅಂತ ಈ ಕರಕರ ಒಂದೇ ಉಳದದ." ನಾಗೇಂದ್ರಪ್ಪ ಎದ್ದು ಫ್ಯಾನ್ ಬಂದ್ ಮಾಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು, "ಅಲ್ಲಿಂದ ಇನ್ನೊಮ್ಮಿ ಹಚ್ರಿ," ಎಂದರು.